ಮೀಟರಣ್ಣ ಹಾಳೆ ತಿರುಗಿಸಿದ ವಾರ

ಮೀಟರಣ್ಣನಿಗೆ ಸಂಗೀತದ ನೊಟೇಶನ್ ಓದಲು ಬರುತ್ತಿರಲಿಲ್ಲ.

ಇದರಲ್ಲಿ ಅವಮಾನವೇನೂ ಇಲ್ಲ. ಅವನ ಬೀದಿಯ ಇಪ್ಪತ್ತಾರು ಮನೆಗಳಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅದಕ್ಕಾಗಿ ಯಾರೂ ಊಟ ಬಿಟ್ಟಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅವನ ಹೆಂಡತಿ ಪಿಯಾನೊ ನುಡಿಸುವವಳು. ಸುಮ್ಮನೆ ಸಂಜೆ ಹೊತ್ತು ನುಡಿಸುವವಳಲ್ಲ, ಜನ ಟಿಕೆಟ್ ತೆಗೆದುಕೊಂಡು ಬಂದು ಕೇಳುವಂತೆ ನುಡಿಸುವವಳು. ಹತ್ತೊಂಬತ್ತು ವರ್ಷದ ಹಿಂದೆ ನೀರು ಸರಬರಾಜು ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೀಟರಣ್ಣ, ಅವಳ ತಾಯಿಯ ಮನೆಯ ಮೀಟರ್ ನೋಡಲು ಹೋದ. ಒಳಗಿನಿಂದ ಪಿಯಾನೊ ಕೇಳಿಸಿತು. ಮೀಟರಿನ ಮುಚ್ಚಳ ಹಾಕುವುದನ್ನೂ ಮರೆತು ಹಜಾರದ ಬಾಗಿಲಲ್ಲಿ ಹೋಗಿ ನಿಂತ. ಹುಡುಗಿ ತಿರುಗಿ ನೋಡಿ, "ನಿಮಗೆ ನೊಟೇಶನ್ ಓದೋಕೆ ಬರುತ್ತಾ?" ಎಂದು ಕೇಳಿದಳು.

"ಸುಮಾರಾಗಿ ಬರುತ್ತೆ" ಎಂದ ಮೀಟರಣ್ಣ.

ಸಂಗೀತ ಗೊತ್ತಿಲ್ಲದವನನ್ನು ಮದುವೆಯಾಗಲ್ಲ ಅಂತ ಹಟ ಹಿಡಿದು ಕೂತಿದ್ದ ಹುಡುಗಿ ಅವಳು. ಬಂದ ಎರಡು ಸಂಬಂಧಗಳನ್ನು ಆಗಲೇ ವಾಪಸ್ ಕಳಿಸಿದ್ದಳು. ಹೀಗಾಗಿ ಒಂದು 'ಸುಮಾರಾಗಿ'ಯ ಮೇಲೆ ಒಂದು ಮದುವೆ ನಡೆದುಹೋಯಿತು. ಸರಕಾರಿ ಕಟ್ಟಡಗಳ ಅಡಿಪಾಯ ಇದಕ್ಕಿಂತ ಗಟ್ಟಿ ಇರುತ್ತದೆ ಎಂದು ಹೇಳುವಂತಿಲ್ಲ; ಅವೂ ನಿಂತಿವೆ, ಇದೂ ನಿಂತಿತು.

ನಿಲ್ಲುವುದಕ್ಕೆ ಕಾರಣ ನಾದಿನಿ. ಕಾರ್ಯಕ್ರಮಗಳಲ್ಲಿ ಅಕ್ಕನ ಪಕ್ಕ ಕೂತು ಪುಸ್ತಕದ ಹಾಳೆ ತಿರುಗಿಸುವುದು ಅವಳ ಕೆಲಸ. ನುಡಿಸುವವರ ಎರಡು ಕೈಯೂ ಪಿಯಾನೊದ ಕಪ್ಪು-ಬಿಳಿ ಮನೆಗಳ ಮೇಲಿರುವುದರಿಂದ ಇದಕ್ಕೆ ಮೂರನೆಯ ಕೈಯೊಂದು ಬೇಕೇ ಬೇಕು. ಎಡಗಡೆ ಕುರ್ಚಿ ಹಾಕಿಕೊಂಡು ಕೂತು, ಪುಟ ಮುಗಿಯುವಾಗ ಸದ್ದಿಲ್ಲದೆ ಎದ್ದು, ಎಡಗೈಯಿಂದ ಹಾಳೆಯ ತುದಿ ಹಿಡಿದು, ತಕ್ಕ ಗಳಿಗೆಗೆ ತಿರುಗಿಸಿ ಕೂರಬೇಕು. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ ನಾದಿನಿ, ಒಂದು ಭಾನುವಾರ ಫ್ಯಾನಿನ ಧೂಳು ಒರೆಸಲು ಸ್ಟೂಲ್ ಹತ್ತಿ, ಸ್ಟೂಲಿನ ಸಮೇತ ಕೆಳಗೆ ಬಂದಳು. ಎಡಗೈ ಮುರಿಯಿತು.

ಆ ವಾರ ಎಂಥದ್ದು ಅಂದರೆ, ಸೋಮವಾರ ಅಂಚೆ ನೌಕರರ ಸಭಾಂಗಣದಲ್ಲಿ ಕಾರ್ಯಕ್ರಮ, ಬುಧವಾರ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ, ಗುರುವಾರ ನೃತ್ಯದವರ ಜೊತೆ ತಾಲೀಮು, ಶನಿವಾರ ಸಂಜೆ ರಂಗಮಂದಿರದಲ್ಲಿ ನೃತ್ಯ, ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮೇಲಂತಸ್ತಿನಲ್ಲಿ ಅವಳೊಬ್ಬಳದೇ ದೊಡ್ಡ ಕಾರ್ಯಕ್ರಮ.

ಪ್ಲಾಸ್ಟರ್ ಹಾಕಿದ ಕೈ ಹೊತ್ತು ಬಂದ ನಾದಿನಿ ಸೋಫಾದಲ್ಲಿ ಕೂತು, "ಅಕ್ಕ, ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದೀಯ? ಭಾವ ಇದಾರಲ್ಲ" ಎಂದಳು.

ಮೀಟರಣ್ಣ ಕುಡಿಯುತ್ತಿದ್ದ ಕಾಫಿ ದಾರಿ ತಪ್ಪಿ ಮೂಗಿಗೆ ಹೋಯಿತು.

"ಹೌದಲ್ಲ!" ಎಂದಳು ಹೆಂಡತಿ. "ರೀ, ನಿಮಗೆ ಬರುತ್ತಲ್ಲ. ನಂಗೆ ಹೊಳೀಲೇ ಇಲ್ಲ ನೋಡಿ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನಾನೂ ನನ್ನ ಪಕ್ಕ ಕೂತಿಲ್ಲ ನೀವು."

ಅವಳ ಮುಖದಲ್ಲಿ ಎಂಥ ಸಂತೋಷ ಇತ್ತೆಂದರೆ, ನಿಜ ಹೇಳಬೇಕಾದ ಬಾಯಿ, "ಅದೇನ್ ಮಹಾ ವಿದ್ಯೆ, ಹಾಳೆ ತಿರುಗಿಸೋದು ತಾನೆ" ಎಂದುಬಿಟ್ಟಿತು.

ಸೋಮವಾರ ಅಂಚೆ ನೌಕರರ ಮುಂದೆ ಮೀಟರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿಯ ಎಡಗಡೆ ಕೂತ. ಪುಸ್ತಕ ನೋಡಿದ. ತಂತಿಯ ಮೇಲೆ ಕೂತ ಇರುವೆಗಳ ಹಾಗೆ ಏನೇನೋ ಇತ್ತು. ಎರಡನೆಯ ಸಲ ಆ ಕಡೆ ನೋಡುವ ಧೈರ್ಯ ಆಗದೆ, ನೋಡಲು ಪರಿಚಯದ್ದು ಬೇರೇನೂ ಇಲ್ಲದೆ ಹೆಂಡತಿಯ ಮುಖ ನೋಡಿದ.

ಅಲ್ಲಿ ಅವನಿಗೊಂದು ಸಂಗತಿ ಗೊತ್ತಾಯಿತು. ಆ ಮುಖ ಅವನಿಗೆ ಬಾಯಿಪಾಠ. ತರಕಾರಿಯವಳು ತೂಕದಲ್ಲಿ ಮೋಸ ಮಾಡಿದಾಗ, ಅವಳ ತಾಯಿ ಬರುವ ಸುದ್ದಿ ಬಂದಾಗ, ಏನಾದರೂ ಮುಗಿಯುತ್ತ ಬಂದಿದೆ ಎಂದು ಅವಳಿಗೆ ಅನ್ನಿಸಿದಾಗ ಏನೇನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಡಬ್ಬದಲ್ಲಿ ಸಕ್ಕರೆ ಮುಗಿಯುತ್ತ ಬಂದರೂ ಸರಿ, ಪುಸ್ತಕದಲ್ಲಿ ಪುಟ ಮುಗಿಯುತ್ತ ಬಂದರೂ ಸರಿ, ಅವಳ ಎಡಹುಬ್ಬು ಒಂದು ಎಳೆಯಷ್ಟು ಮೇಲೇರುತ್ತದೆ. ಹುಬ್ಬು ಏರಿದಾಗ ಅವನು ಎದ್ದ, ಅದು ಇಳಿಯುವ ಹೊತ್ತಿಗೆ ತಿರುಗಿಸಿದ. ಸರಿಯಾಯಿತು. ಮತ್ತೆ ಏರಿತು, ಮತ್ತೆ ತಿರುಗಿಸಿದ. ಮೂವತ್ತೆಂಟು ಪುಟದಲ್ಲಿ ಒಂದೂ ತಪ್ಪಲಿಲ್ಲ.

ಚಪ್ಪಾಳೆ ನಿಂತ ಮೇಲೆ ಅಂಚೆ ಪೇದೆಗಳ ಸಂಘದ ಕಾರ್ಯದರ್ಶಿ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಗಮನಿಸಿದ್ರಾ? ಆ ಮನುಷ್ಯ ಪುಸ್ತಕದ ಕಡೆ ನೋಡೋದೇ ಇಲ್ಲ. ಪೂರ್ತಿ ತಲೇಲಿದೆ!"

ಅಂಚೆ ಪೇದೆ ಒಂದು ಮಾತು ಹೇಳಿದರೆ ಅದು ಎಲ್ಲ ಮನೆಗೂ ತಲುಪುತ್ತದೆ. ಮಂಗಳವಾರ ಮೀಟರ್ ನೋಡಲು ಹೋದಲ್ಲೆಲ್ಲ, "ಏನ್ ಮೀಟರಣ್ಣ, ಇಷ್ಟು ದೊಡ್ಡ ವಿದ್ವಾಂಸರು ನೀವು, ನಮ್ಮನೆ ಚರಂಡಿ ಪಕ್ಕ ಬಗ್ಗಿ ಕೂರ್ತೀರಲ್ಲ" ಎಂದು ಜನ ಕುರ್ಚಿ ತಂದುಕೊಟ್ಟರು. ಮೀಟರ್ ಇರುವುದು ನೆಲದಲ್ಲಿ. ಕುರ್ಚಿ ಹಾಕಿಕೊಂಡು ನೆಲದ ಗುಂಡಿಯೊಳಗೆ ಓದುವುದು ಎಷ್ಟು ಕಷ್ಟ ಎಂದು ಅವತ್ತು ಅವನಿಗೆ ತಿಳಿಯಿತು.

ಬುಧವಾರ ಅರ್ಧ ದಿನದ ರಜೆ ಕೇಳಲು ಸೆಕ್ಷನ್ ಆಫೀಸರ್ ಹತ್ತಿರ ಹೋದ. ಯಾವತ್ತೂ ತಲೆ ಎತ್ತದ ಆಫೀಸರು ಅವತ್ತು ಎದ್ದು ನಿಂತರು.

"ರಜೆ ತಗೊಳ್ಳಿ, ಒಂದಲ್ಲ ನಾಲ್ಕು ತಗೊಳ್ಳಿ. ಆದ್ರೆ ನನ್ನ ಮಗಳಿಗೆ ಮುಂದಿನ ತಿಂಗಳು ಪಿಯಾನೊ ಪರೀಕ್ಷೆ. ದಾರೀಲೇ ನಮ್ಮನೆ. ಒಂದ್ ಹತ್ತು ನಿಮಿಷ ಕೇಳಿ, ತಪ್ಪು ಎಲ್ಲಿದೆ ಹೇಳ್ಬಿಡಿ."

"ಸಾರ್, ನಾನು ಅಂಥ ದೊಡ್ಡವನೇನಲ್ಲ..."

"ನೋಡಿ, ಇದೇ ನಿಮ್ಮ ದೊಡ್ಡತನ" ಎಂದು ಆಫೀಸರು ರಜೆ ಅರ್ಜಿಗೆ ಸಹಿ ಹಾಕಿದರು.

ಹುಡುಗಿಗೆ ಹದಿಮೂರು ವರ್ಷ. ಎರಡು ಜಡೆ. ಅಪ್ಪ ಬೆನ್ನ ಹಿಂದೆ ನಿಂತಿದ್ದರಿಂದ ಅವಳ ಕಿವಿ ಕೆಂಪಾಗಿತ್ತು. ಅವಳು ನುಡಿಸಿದಳು, ಮೀಟರಣ್ಣ ಮುಖ ನೋಡುತ್ತ ಕೂತ. ಮುಗಿಸಿ ಅವಳು ಕೈ ಕೆಳಗಿಟ್ಟಳು.

"ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಕಡೆ ಹೆದರ್ಕೊಂಡೆ ಅಲ್ವಾ ಪುಟ್ಟಿ?" ಎಂದ ಮೀಟರಣ್ಣ.

ಹುಡುಗಿ ತಲೆಯಾಡಿಸಿದಳು. "ಹೂಂ ಅಂಕಲ್. ಅಲ್ಲಿ ಎರಡು ಸ್ವರ ಬಿಟ್ಟೆ."

"ಕೊನೇಲಿ ಒಂದು ಕಡೆ ನಿಂಗೇ ಖುಷಿ ಆಯ್ತು."

"ಹೂಂ. ಅದೊಂದೇ ಸರಿ ಬಂದಿದ್ದು."

ಆಫೀಸರು ಗೋಡೆಗೆ ಒರಗಿದರು. "ಪುಸ್ತಕ ಮುಟ್ಟಿಲ್ಲ!" ಎಂದು ತಮ್ಮ ಹೆಂಡತಿಗೆ ಹೇಳಿದರು. "ಪುಸ್ತಕ ಮುಟ್ಟದೆ ಸ್ವರ ಬಿಟ್ಟಿದ್ದು ಹಿಡಿದ್ರಲ್ಲೇ!"

"ಅಪ್ಪ ಹಿಂದೆ ನಿಲ್ಲೋದು ಬೇಡ ಸಾರ್, ತಪ್ಪು ಅರ್ಧ ಕಮ್ಮಿ ಆಗುತ್ತೆ" ಎಂದು ಮೀಟರಣ್ಣ ಹೇಳಿದ ಮಾತನ್ನು ಆಫೀಸರು ಡೈರಿಯಲ್ಲಿ ಬರೆದುಕೊಂಡರು. ಆಸ್ಪತ್ರೆಯ ಕಾರ್ಯಕ್ರಮಕ್ಕೆ ಹೋಗುವಷ್ಟರಲ್ಲಿ ಅವನ ಕೀರ್ತಿ ಅವನಿಗಿಂತ ಮೊದಲು ಅಲ್ಲಿಗೆ ತಲುಪಿತ್ತು.

ಇದೆಲ್ಲದರ ನಡುವೆ ಮೀಟರಣ್ಣನಿಗೆ ಒಂದು ಕೆಟ್ಟ ಅಭ್ಯಾಸ ಶುರುವಾಗಿತ್ತು: ಆ ಕುರ್ಚಿ ಇಷ್ಟವಾಗತೊಡಗಿತ್ತು. ಮನೆಯಲ್ಲಿ ಅವಳು ನುಡಿಸುವಾಗ ಅವನು ಅಡುಗೆಮನೆಯಲ್ಲೋ ಬಚ್ಚಲಲ್ಲೋ ಇರುತ್ತಿದ್ದ. ಈಗ ಒಂದು ಗೇಣು ದೂರದಲ್ಲಿ ಕೂತು, ಅವಳ ಕಣ್ಣ ಕೆಳಗೆ ಏನೇನು ಹಾದುಹೋಗುತ್ತದೆ ಎಂದು ನೋಡುವುದು, ಹಾಳೆ ತಿರುಗಿಸಿದಾಗ ಅವಳು ನೋಡದೆಯೇ ಒಮ್ಮೆ ತಲೆಯಾಡಿಸುವುದು, ಇದನ್ನೆಲ್ಲ ಭಾನುವಾರದ ನಂತರ ಬಿಡಬೇಕಲ್ಲ ಎಂದು ಅವನಿಗೆ ಸಂಕಟವಾಯಿತು. ನಿಜ ಹೇಳಿದರೆ ಭಾನುವಾರದವರೆಗೂ ಸಿಗುವುದಿಲ್ಲ. ಆದ್ದರಿಂದ ಹೇಳಲಿಲ್ಲ.

ಗುರುವಾರ ನೃತ್ಯದ ತಾಲೀಮು. ಡ್ಯಾನ್ಸ್ ಮಾಸ್ಟರ್ ಎಂಬುವವರು ಐದಡಿ ಎತ್ತರದ ಮನುಷ್ಯ, ದನಿ ಮಾತ್ರ ಏಳಡಿ. ಕತೆ ಇಷ್ಟೇ: ರೆಕ್ಕೆ ಮುರಿದ ಒಂದು ಕೊಕ್ಕರೆ ಕೆಳಗೆ ಬೀಳುತ್ತದೆ, ಒಂಟಿಯಾಗಿ ಒದ್ದಾಡುತ್ತದೆ, ಕೊನೆಗೆ ಹಿಂಡು ಬಂದು ಅದನ್ನು ಎಬ್ಬಿಸಿಕೊಂಡು ಹೋಗುತ್ತದೆ. ಬೀಳುವ ಕೊಕ್ಕರೆ ಮಾಸ್ಟರ್. ಹಿಂಡು ಅಂದರೆ ಅವರ ಎಂಟು ಜನ ಶಿಷ್ಯೆಯರು.

"ಮೀಟರಣ್ಣನವರೇ, ನೀವು ಬಂದಿದ್ದು ನನ್ನ ಪುಣ್ಯ" ಎಂದರು ಮಾಸ್ಟರ್. "ನಾನು ಬಿದ್ದಿರೋ ಕಡೆ ಒಂದೇ ಧಾಟಿ ಮೂರು ಸಲ ಬರುತ್ತೆ. ಮೂರನೇ ಸಲಕ್ಕೆ ಇವರು ಓಡಿ ಬರ್ಬೇಕು. ಹೋದ ಸಲ ಎರಡಕ್ಕೇ ಬಂದ್ಬಿಟ್ರು. ನನ್ನ ಮಕ್ಕಳಿಗೆ ದೇವರು ಕಾಲು ಕೊಟ್ಟಿದಾನೆ, ಕಿವಿ ಕೊಟ್ಟಿಲ್ಲ. ನೀವು ಇವರ ಜೊತೆ ಪರದೆ ಪಕ್ಕ ನೊಟೇಶನ್ ಹಿಡ್ಕೊಂಡು ನಿಂತ್ಕೊಳ್ಳಿ. ಕೆಂಪು ಗುರುತು ಹಾಕಿದೀನಿ. ಅಲ್ಲಿಗೆ ಬಂದಾಗ ಕೈ ಇಳಿಸಿದ್ರೆ ಸಾಕು."

"ಹಾಳೆ ತಿರುಗಿಸೋರು ಯಾರು?"

"ಇದು ನಂಗೆ ಬಾಯಿಪಾಠ ಆಗಿದೆ" ಎಂದಳು ಹೆಂಡತಿ. "ನೀವು ಹೋಗಿ ಅವರಿಗೆ ಸಹಾಯ ಮಾಡಿ. ಪಾಪ."

ಮೀಟರಣ್ಣ ಎಂಟು ಹುಡುಗಿಯರ ಜೊತೆ ಮೂಲೆಯಲ್ಲಿ ನಿಂತ. ಹೆಂಡತಿಯ ಬೆನ್ನು ಅವನ ಕಡೆ ಇತ್ತು. ಮುಗಿಯಿತು ನನ್ನ ಕತೆ ಅಂದುಕೊಂಡ. ಆದರೆ ನೃತ್ಯದ ಶಾಲೆ ನೋಡಿ, ಗೋಡೆ ತುಂಬ ಕನ್ನಡಿ. ಎದುರಿನ ಕನ್ನಡಿಯಲ್ಲಿ ಅವಳ ಮುಖ ತಟ್ಟೆಯಲ್ಲಿಟ್ಟ ಹಾಗೆ ಕಾಣಿಸಿತು. ಮೂರನೆಯ ಸಲ ಬರುವ ಮೊದಲು ಅವಳು, ಏನಾದರೂ ದೊಡ್ಡದನ್ನು ಶುರು ಮಾಡುವಾಗ ಯಾವಾಗಲೂ ಮಾಡುವಂತೆ, ನಾಲಿಗೆಯಿಂದ ಕೆಳತುಟಿ ಒದ್ದೆ ಮಾಡಿಕೊಂಡಳು. ಇವನು ಕೈ ಇಳಿಸಿದ, ಕೊಕ್ಕರೆಗಳು ಓಡಿದವು. ಐದು ಸಲ ತಾಲೀಮು, ಐದು ಸಲವೂ ಸರಿ. ಮಾಸ್ಟರ್ ಬಂದು ಅವನನ್ನು ಅಪ್ಪಿಕೊಂಡರು. ಅವರ ತಲೆ ಇವನ ಎದೆಯ ಗುಂಡಿಗೆ ತಾಗಿತು.

ಶನಿವಾರ ಸಂಜೆ ರಂಗಮಂದಿರಕ್ಕೆ ಹೋಗಿ ಪರದೆ ಪಕ್ಕ ನಿಂತಾಗ ಮೀಟರಣ್ಣನಿಗೆ ಒಂದು ಸಣ್ಣ ವಿಷಯ ಹೊಳೆಯಿತು. ರಂಗಮಂದಿರದಲ್ಲಿ ಕನ್ನಡಿ ಇರುವುದಿಲ್ಲ.

ಓಡಿ ಹೆಂಡತಿಯ ಕೋಣೆಗೆ ಹೋದ. ಅವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದಳು.

"ನಿಂಗೊಂದು ವಿಷಯ ಹೇಳ್ಬೇಕಿತ್ತು."

"ಹ್ಞೂಂ?" ಎಂದಳು ಪಿನ್ನಿನ ನಡುವಿನಿಂದ. ಒಂದು ಪಿನ್ನು ಕೈಜಾರಿ ನೆಲಕ್ಕೆ ಬಿತ್ತು. ಕಾರ್ಯಕ್ರಮಕ್ಕೆ ಮೊದಲು ಅವಳು ಯಾವಾಗಲೂ ಹೆದರುತ್ತಿದ್ದಳು.

"ಸ್ಟೂಲಿನ ಎತ್ತರ ಸರಿ ಇದೆಯಾ ಅಂತ" ಎಂದು ಹೇಳಿ ಮೀಟರಣ್ಣ ವಾಪಸ್ ಬಂದ.

ಶುರುವಾಯಿತು. ಮಾಸ್ಟರ್ ಹಾರಿದರು, ರೆಕ್ಕೆ ಮುರಿದುಕೊಂಡರು, ಬಿದ್ದರು. ಧಾಟಿ ಮೊದಲನೆಯ ಸಲ ಬಂತು. ಮೀಟರಣ್ಣನ ಕೈ ಮೇಲಿತ್ತು, ಎಂಟು ಜೊತೆ ಕಣ್ಣು ಅವನ ಕೈ ಮೇಲಿತ್ತು, ಅವನ ಕಣ್ಣು ಹೆಂಡತಿಯ ಬೆನ್ನಿನ ಮೇಲಿತ್ತು. ಮುಖಕ್ಕೆ ಕೊಟ್ಟ ಗಮನದಲ್ಲಿ ಕಾಲು ಭಾಗವನ್ನಾದರೂ ಬೆನ್ನಿಗೆ ಕೊಟ್ಟಿದ್ದರೆ ಇವತ್ತು ಹೀಗಾಗುತ್ತಿರಲಿಲ್ಲ. ಇದು ಎಷ್ಟನೆಯ ಸಲ? ಒಂದೋ? ಎರಡು ಆಗಿಹೋಯಿತೋ? ಅಷ್ಟರಲ್ಲಿ ಅವಳ ಭುಜದಿಂದ ಶಾಲು ಜಾರಿತು. ಅದನ್ನು ಮೇಲೆ ಮಾಡಿಕೊಳ್ಳಲು ಅವಳು ಭುಜ ಕುಣಿಸಿದಳು.

ಮೀಟರಣ್ಣ ಕೈ ಇಳಿಸಿದ.

ಎಂಟು ಕೊಕ್ಕರೆಗಳು ಧಡಧಡ ಓಡಿ ವೇದಿಕೆಗೆ ನುಗ್ಗಿದವು. ಮಾಸ್ಟರ್ ಆಗಷ್ಟೇ ಒಂಟಿಯಾಗಿದ್ದರು. ಆಕಾಶದ ಕಡೆ ಒಂದು ಸಲ ನೋಡುವಷ್ಟರಲ್ಲಿ ಸುತ್ತಲೂ ಹದಿನಾರು ಕಾಲು. ಅದರಲ್ಲಿ ಒಂದು ಅವರ ಹೆಬ್ಬೆರಳಿನ ಮೇಲಿತ್ತು. "ಯಾರೇ ಅದು! ಹೋಗ್ರೇ ಆಚೆ!" ಎಂದು ಮುರಿದ ರೆಕ್ಕೆಯೊಳಗಿಂದ ಪಿಸುಗುಟ್ಟಿದರು, ಮೂರನೇ ಸಾಲಿನವರೆಗೆ ಕೇಳಿಸಿತು. ಹೆಂಡತಿ ತಲೆ ಎತ್ತಿ ನೋಡಿದಳು. ಒಂದು ಕ್ಷಣ, ಒಂದೇ ಕ್ಷಣ. ಅವಳ ಕೈ ನಿಲ್ಲಲಿಲ್ಲ. ಎರಡನೆಯ ಸಲವನ್ನೂ ಅದರ ಹಿಂದುಮುಂದಿನದನ್ನೂ ಹಾಗೇ ಹಾರಿ, ಸೀದಾ ಹಿಂಡು ಬರುವ ಜಾಗಕ್ಕೆ ಹೋಗಿ ಇಳಿದಳು. ಒಂದೂವರೆ ಪುಟ ಮಾಯ. ಕೊಕ್ಕರೆಗಳು ಮಾಸ್ಟರನ್ನು ಎತ್ತಿಕೊಂಡವು, ಮಾಸ್ಟರ್ ಬೇರೆ ದಾರಿಯಿಲ್ಲದೆ ಹಾರಿದರು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಮೀಟರಣ್ಣನ ಅತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಬೀಳ್ತಿದ್ದ ಹಾಗೇ ಬಂದ್ಬಿಟ್ವು ನೋಡು ಹಕ್ಕಿಗಳು. ಮನುಷ್ಯರು ಬರ್ತಾರಾ ಹಾಗೆ?"

ಪರದೆಯ ಹಿಂದೆ ಮಾತ್ರ ಬೇರೆ ನೃತ್ಯ ನಡೆಯುತ್ತಿತ್ತು. ಮಾಸ್ಟರ್ ಒಂದೇ ಕಾಲಿನಲ್ಲಿ ಕುಂಟುತ್ತಿದ್ದರು; ಮೊದಲ ಸಲ ನಿಜವಾದ ಕೊಕ್ಕರೆಯ ಹಾಗೆ ಕಾಣುತ್ತಿದ್ದರು.

"ನನ್ನ ಒಂಟಿತನ ಎಲ್ರೀ? ಎರಡೂವರೆ ನಿಮಿಷದ ಒಂಟಿತನ! ಆರು ತಿಂಗಳು ಅಭ್ಯಾಸ ಮಾಡಿದೀನಿ ಒಂಟಿಯಾಗಿರೋಕೆ!"

ಅಷ್ಟರಲ್ಲಿ ಅತ್ತೆ, ನಾದಿನಿ, ಮಗಳ ಕೈ ಹಿಡಿದುಕೊಂಡ ಸೆಕ್ಷನ್ ಆಫೀಸರು ಎಲ್ಲ ಒಳಗೆ ಬಂದರು. ಹೆಂಡತಿ ಶಾಲು ಸರಿಮಾಡಿಕೊಳ್ಳುತ್ತ ಬಂದು ನಿಂತಳು.

"ತಪ್ಪು ಇವರದ್ದಾಗಿರಲ್ಲ" ಎಂದರು ಆಫೀಸರು. "ಪುಸ್ತಕದಲ್ಲೇ ತಪ್ಪಿರ್ಬೇಕು."

"ಹಾಗಾದ್ರೆ ತೋರಿಸ್ಲಿ!" ಮಾಸ್ಟರ್ ನೊಟೇಶನ್ನನ್ನು ಮೀಟರಣ್ಣನ ಮೂಗಿಗೆ ಹಿಡಿದರು. "ಯಾವ ಸ್ವರಕ್ಕೆ ಕೈ ಇಳಿಸಿದ್ರಿ? ಬೆರಳಿಟ್ಟು ತೋರಿಸಿ!"

ಮೀಟರಣ್ಣ ಹಾಳೆ ನೋಡಿದ. ಇರುವೆಗಳು ಹಾಗೇ ಕೂತಿದ್ದವು.

"ನಂಗೆ ಓದೋಕೆ ಬರಲ್ಲ" ಎಂದ.

ಮೊದಲು ಬಾಯಿ ಬಂದದ್ದು ಅತ್ತೆಗೆ.

"ಬರಲ್ವಾ? ಎರಡು ಸಂಬಂಧ ವಾಪಸ್ ಕಳಿಸಿದ್ವಲ್ರೀ ಅಳಿಯಂದ್ರೇ! ಅದ್ರಲ್ಲಿ ಒಬ್ಬನಿಗೆ ನಿಜವಾಗ್ಲೂ ಬರ್ತಿತ್ತು!"

"ಅಮ್ಮ, ಸುಮ್ನಿರು" ಎಂದಳು ಹೆಂಡತಿ. ಆಮೇಲೆ ಗಂಡನ ಕಡೆ ತಿರುಗಿದಳು. "ಮತ್ತೆ ಸೋಮವಾರ ಹೇಗೆ ತಿರುಗಿಸಿದ್ರಿ?"

"ನಿನ್ನ ಮುಖ ನೋಡ್ಕೊಂಡು. ಪುಟ ಮುಗಿಯೋ ಹೊತ್ತಿಗೆ ನಿನ್ನ ಎಡಹುಬ್ಬು ಏರುತ್ತೆ."

"ಏರಲ್ಲ" ಎಂದಳು ನಾದಿನಿ. "ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತಿದೀನಿ ಭಾವ, ಒಂದು ಸಲಾನೂ ಏರಿಲ್ಲ."

"ನೀನು ಪುಸ್ತಕ ನೋಡ್ತಿದ್ದೆ" ಎಂದ ಮೀಟರಣ್ಣ.

ಹೆಂಡತಿ ಚೀಲ ತೆಗೆದುಕೊಂಡು ಹೊರಟಳು. ಮನೆವರೆಗೆ ಎರಡು ಹೆಜ್ಜೆ ಮುಂದೆಯೇ ನಡೆದಳು. ಸಿಟ್ಟಿನಲ್ಲಿ ಬಾಗಿಲು ಬಡಿಯುವವಳಾಗಿದ್ದರೆ ಮೀಟರಣ್ಣನಿಗೆ ಸಮಾಧಾನ ಇರುತ್ತಿತ್ತು. ಅವಳು ಬಾಗಿಲನ್ನು ಮೆಲ್ಲಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಅವನು ಕಾಫಿ ಮಾಡಿ ತಂದಿಟ್ಟ. ಅವಳು ಲೋಟ ನೋಡುತ್ತ ಕೇಳಿದಳು:

"ಮೀಟರ್ ನೋಡೋಕೆ ಬಂದಿದ್ರಲ್ಲ, ಅವತ್ತು ಅಮ್ಮನ ಮನೇಲಿ, ನನ್ನ ಪುಸ್ತಕದ ಮೇಲೆ ಬೆರಳಿಟ್ಟು, 'ಈ ಭಾಗ ತುಂಬ ಚೆನ್ನಾಗಿದೆ' ಅಂದ್ರಲ್ಲ. ಅದು?"

ಮೀಟರಣ್ಣ ಕಾಫಿ ಚೆಲ್ಲದ ಮೇಜನ್ನು ಒರೆಸತೊಡಗಿದ. "ಅಲ್ಲಿ ಕಪ್ಪು ಜಾಸ್ತಿ ಇತ್ತು."

ಅವಳು ಲೋಟ ಎತ್ತಿಕೊಂಡು ಕಿಟಕಿಯ ಕಡೆ ಹೋದಳು. ಬಹಳ ಹೊತ್ತು ಬೆನ್ನು ತೋರಿಸಿ ನಿಂತಿದ್ದಳು. ಆ ಬೆನ್ನಿನಿಂದ ಅವನಿಗೆ ಏನೂ ತಿಳಿಯಲಿಲ್ಲ.

"ನಿಜವಾಗ್ಲೂ ಅದೇ ಚೆನ್ನಾಗಿರೋ ಭಾಗ" ಎಂದಳು.

ಗ್ರಂಥಾಲಯದ ಮೇಲಂತಸ್ತು ತುಂಬಿತ್ತು. ನಾದಿನಿ ಬದಲಿ ವ್ಯವಸ್ಥೆ ಮಾಡಿದ್ದಳು: ಎಡಗಡೆಯ ಕುರ್ಚಿಯಲ್ಲಿ ಆಫೀಸರ ಮಗಳು ಎರಡು ಜಡೆ ಬಿಗಿಯಾಗಿ ಕಟ್ಟಿಕೊಂಡು ಕೂತಿದ್ದಳು. ಅವಳಿಗೆ ಓದಲು ಬರುತ್ತಿತ್ತು. ಮೀಟರಣ್ಣ ಕೊನೆಯ ಸಾಲಿನಲ್ಲಿ, ಪತ್ರಿಕೆಗಳ ಕಪಾಟಿನ ಪಕ್ಕ ಕೂತ. ಅಲ್ಲಿಂದ ಅವಳ ಮುಖ ಒಂದು ನಾಣ್ಯದಷ್ಟು ಕಾಣುತ್ತಿತ್ತು.

ಹೆಂಡತಿ ಬಂದಳು, ಜನಕ್ಕೆ ಕೈಮುಗಿದಳು, ಸ್ಟೂಲಿನ ಮೇಲೆ ಕೂತಳು. ಹುಡುಗಿಯನ್ನು ನೋಡಿದಳು.

"ಪುಟ್ಟಿ, ನೀನು ಮುಂದಿನ ಸಾಲಲ್ಲಿ ಕೂತ್ಕೋ ಹೋಗು. ಅಲ್ಲಿ ಚೆನ್ನಾಗಿ ಕೇಳ್ಸುತ್ತೆ" ಎಂದಳು. ಆಮೇಲೆ ಇಡೀ ಸಭೆಯ ತಲೆಗಳ ಮೇಲಿಂದ ಹಿಂದಿನ ಸಾಲಿಗೆ: "ರೀ. ಬನ್ನಿ."

ಇನ್ನೂರು ಜನ ತಿರುಗಿ ನೋಡಿದರು. ಮೀಟರಣ್ಣ ಎದ್ದ, ಮಂಡಿ ಕಪಾಟಿಗೆ ಹೊಡೆಯಿತು, ಕುಂಟುತ್ತ ಬಂದು ಕೂತ.

"ನಂಗೆ ಬರಲ್ಲ ಅಂತ ಹೇಳಿದ್ನಲ್ಲೇ" ಎಂದ ಮೆಲ್ಲಗೆ.

"ಕೇಳಿಸ್ತು" ಎಂದಳು. "ಅಮ್ಮನಿಗೂ ಕೇಳಿಸ್ತು."

ನುಡಿಸಲು ಶುರು ಮಾಡಿದಳು. ಈಗ ಹೊಸ ತೊಂದರೆ. ಹುಬ್ಬಿನ ವಿಷಯ ಅವಳಿಗೆ ಗೊತ್ತಾಗಿತ್ತು. ಹತ್ತೊಂಬತ್ತು ವರ್ಷ ತನ್ನ ಪಾಡಿಗೆ ಏರಿಳಿಯುತ್ತಿದ್ದ ಹುಬ್ಬು, ಯಾರೋ ನೋಡುತ್ತಿದ್ದಾರೆ ಎಂದ ಕೂಡಲೇ ಮೊಂಡು ಹಿಡಿಯಿತು. ಮೊದಲ ಪುಟ ಮುಗಿಯುತ್ತ ಬಂತು, ಹುಬ್ಬು ಏಳಲಿಲ್ಲ. ಅವಳೇ ಅದನ್ನು ಬಲವಂತವಾಗಿ ಏರಿಸಿದಳು, ಎರಡೂ ಹುಬ್ಬು ಒಟ್ಟಿಗೆ ಏರಿದವು. ಮೀಟರಣ್ಣ ಗಾಬರಿಯಾದರೂ ತಿರುಗಿಸಿದ. ಎರಡನೆಯದಕ್ಕೆ ತುಟಿ ಓರೆ ಮಾಡಿದಳು, ಅದಕ್ಕೂ ತಿರುಗಿಸಿದ. ಹೀಗೆ ಇಪ್ಪತ್ತು ಪುಟ ಹೇಗೋ ಸಾಗಿತು. ಮುಂದಿನ ಸಾಲಿನಲ್ಲಿ ಅತ್ತೆ, "ಇವಳಿಗೇನಾಯ್ತೇ, ಹಲ್ಲುನೋವಾ?" ಎಂದು ನಾದಿನಿಯನ್ನು ಕೇಳಿದ್ದು ವೇದಿಕೆಗೂ ಕೇಳಿಸಿತು.

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಕಣ್ಣು ಮಿಟುಕಿಸದೆ, ಬೆವರುತ್ತ, ಅವಳ ಮುಖವನ್ನೇ ನೋಡುತ್ತಿದ್ದ. ಅವಳಿಗೆ ನಗು ಬಂತು. ಕೈ ನುಡಿಸುತ್ತಲೇ ಇತ್ತು, ಮುಖ ಪೂರ್ತಿ ನಕ್ಕಿತು.

ನಕ್ಕರೆ ಏನು ಮಾಡಬೇಕು ಎಂದು ಮೀಟರಣ್ಣನ ಲೆಕ್ಕದಲ್ಲಿ ಇರಲಿಲ್ಲ. ದಿಢೀರನೆ ಎದ್ದು ತಿರುಗಿಸಿದ. ಬೆವರಿದ ಬೆರಳಿಗೆ ಒಂದರ ಬದಲು ಎರಡು ಹಾಳೆ ಅಂಟಿಕೊಂಡು ಬಂದವು. ಅವಳು ಹಿಂದಕ್ಕೆ ತಿರುಗಿಸಿ ಎನ್ನಲಿಲ್ಲ. ಅವನು ತೆರೆದಿಟ್ಟ ಕಡೆಯಿಂದಲೇ ಮುಂದಕ್ಕೆ ನುಡಿಸಿಕೊಂಡು ಹೋದಳು.

ಶನಿವಾರ ಹೋದದ್ದು ಒಂದೂವರೆ ಪುಟ, ಭಾನುವಾರ ಎರಡು. ಹತ್ತೊಂಬತ್ತು ವರ್ಷದ ಆ 'ಸುಮಾರಾಗಿ'ಗೆ ತೆತ್ತ ಬೆಲೆ ಒಟ್ಟು ಮೂರೂವರೆ ಪುಟ.